ಪರದೇಶದ ಕಂಪನಿ, ಈ ನೆಲದ ವಿಳಾಸ



ಒಂದು ದೇಶದವರ ಒಡೆತನದಲ್ಲಿರುವ ಕಂಪನಿಯನ್ನು ಮತ್ತೊಂದು ದೇಶದಲ್ಲಿ ನೋಂದಾಯಿಸುವ ವಿಷಯವು ವಕೀಲರಿಗೂ ಲೆಕ್ಕಪರಿಶೋಧಕರಿಗೂ ಮಾತ್ರ ಸಂಬಂಧಪಟ್ಟದ್ದೆಂದು ಮೇಲ್ನೋಟಕ್ಕೆ ತೋರಬಹುದು. ಆಲೂರು ಸಕಲೇಶಪುರಗಳ ಬೆಟ್ಟದ ಊರುಗಳಿಂದ ದೋಣಿಗಲ್ಲಿನ ಈ ಸಭೆಗೆ ಬಂದಿರುವ, ಕಾಫಿ, ಏಲಕ್ಕಿ, ಮೆಣಸುಗಳ ನಡುವೆ ಬಾಳುವ ಈ ಸೀಮೆಯವರ ಮುಂದೆ ಅದನ್ನೇ ಏಕೆ ಆರಿಸಿಕೊಂಡಿರೆಂದು ಸಂಘಟಕರು ಸೌಜನ್ಯದಿಂದಲೇ ಕೇಳಿದರು. ಆ ವಿಷಯದ ಸುಖದುಃಖಗಳನ್ನು ಪುಸ್ತಕದಲ್ಲಲ್ಲದೆ ತಮ್ಮ ನೆಲದ ಮೇಲೆಯೇ ಕಂಡ ಸೀಮೆಗಳು ಕನ್ನಡನಾಡಿನಲ್ಲಿ ಕೆಲವೇ ಇವೆ. ಹಳೆಯ ಮಂಜರಾಬಾದ್ ತಾಲ್ಲೂಕು ಅವುಗಳಲ್ಲಿ ಒಂದು. ಈ ಗುಡ್ಡಗಳಲ್ಲಿ ಮರಗಸಿ ಮಾಡಿದವರು, ಹಣ್ಣು ಕೊಯ್ದವರು, ಮೂಟೆ ಹೊತ್ತವರು ಇಲ್ಲಿಯವರೋ ಘಟ್ಟದ ಕೆಳಗಿನವರೋ ಆಗಿದ್ದರು. ಒಡೆತನದ ಕಾಗದಪತ್ರವಾದರೋ ಎಷ್ಟೋ ಸಲ ಸಮುದ್ರದಾಚೆಯ ಊರೊಂದರ ಕಪಾಟಿನಲ್ಲಿತ್ತು. ಈ ಹೊತ್ತು ನಮ್ಮ ಮಕ್ಕಳೇ ಲಂಡನ್ನಿನಲ್ಲಿಯೂ ಸಿಂಗಪುರದಲ್ಲಿಯೂ ಕಂಪನಿಗಳನ್ನು ತೆರೆಯುತ್ತಿರುವುದರಿಂದ, ಈ ವ್ಯವಹಾರದ ಎರಡು ಮಗ್ಗುಲನ್ನೂ ಬಲ್ಲವರ ಮುಂದೆ ಮಾತನಾಡುವ ಅವಕಾಶ ನನಗೆ ಒದಗಿದೆ.

ಕಂಪನಿಯೆಂಬುದು ಕಾನೂನು ಸೃಷ್ಟಿಸಿದ ವ್ಯಕ್ತಿ. ಮಾಂಸಮಜ್ಜೆಗಳಿಲ್ಲದ ವ್ಯಕ್ತಿಯೊಂದು ಭೂಮಿಗೆ ಒಡೆಯನಾಗುವ ಕಲ್ಪನೆ ನಮಗೆ ಹೊಸದಲ್ಲ. ದೇವಾಲಯದಲ್ಲಿ ಪ್ರತಿಷ್ಠಿತನಾದ ದೇವರು ಗದ್ದೆತೋಟಗಳಿಗೆ ಒಡೆಯನಾಗಬಲ್ಲನೆಂದೂ, ಧರ್ಮದರ್ಶಿಗಳು ಅವನ ಪರವಾಗಿ ವ್ಯವಹರಿಸತಕ್ಕವರೆಂದೂ, ಅವನ ಹೆಸರಿನಲ್ಲಿಯೇ ದಾವೆ ಹೂಡಬಹುದೆಂದೂ ಭಾರತದ ನ್ಯಾಯಾಲಯಗಳು ಬಹುಕಾಲದಿಂದ ಒಪ್ಪಿಕೊಂಡು ಬಂದಿವೆ. ಆದರೆ ಹೇಮಾವತಿಯ ದಡದ ಸಕಲೇಶ್ವರನನ್ನು ಕಾಣಬೇಕಾದವನು ಎಲ್ಲಿಗೆ ಹೋಗಬೇಕೆಂಬುದು ಹಸುಗೂಸಿಗೂ ಗೊತ್ತು. ಕಂಪನಿಗೆ ಅಂಥ ಗರ್ಭಗುಡಿಯಿಲ್ಲ. ಅದು ಎಡಿನ್‌ಬರೋದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಸಭೆ ಸೇರಿ, ಶಿರಾಡಿಯ ನೆತ್ತಿಯಲ್ಲಿ ಕಾಫಿ ಬೆಳೆಯಬಲ್ಲದು; ಒಂದೆಡೆ ಕೇಳಿದರೆ ಮತ್ತೊಂದೆಡೆಗೆ ಕೈ ತೋರಿಸಲೂ ಬಲ್ಲದು. ಅಂಥದ್ದಕ್ಕೆ ಈ ನೆಲದಲ್ಲಿ ಒಂದು ಬಾಗಿಲನ್ನು ಗೊತ್ತುಮಾಡಿ, ಪ್ರಶ್ನೆಯಿದ್ದವರು ಇಲ್ಲಿಗೆ ಬಂದು ತಟ್ಟಬಹುದೆಂದು ಅದರ ಕೈಯಿಂದಲೇ ಬರೆಸಿಕೊಳ್ಳುವುದು ನೋಂದಣಿಯ ತಿರುಳೆಂದು ನನ್ನ ಮತ. ಬಂಡವಾಳ ಎಷ್ಟು, ತೆರಿಗೆ ಎಷ್ಟು, ಅನುಮತಿ ಯಾರದು ಎಂಬ ಉಳಿದ ಸಂಗತಿಗಳೆಲ್ಲ ಅದರ ತರುವಾಯದವು.

ಆರಂಭದಲ್ಲಿ ಇಲ್ಲಿಗೆ ಬಂದದ್ದು ಕಂಪನಿಗಳಲ್ಲ, ಮನುಷ್ಯರು. 1843ರಲ್ಲಿ ಗ್ರೀನ್ ಎಂಬಾತ ದಕ್ಷಿಣ ಮಂಜರಾಬಾದಿನಲ್ಲಿ ತೋಟವನ್ನು ತೆರೆದನು. 1850ರ ದಶಕದಲ್ಲಿ ಸ್ಕಾಟ್ಲೆಂಡಿನಿಂದ ರಾಬರ್ಟ್ ಎಲಿಯಟ್ ಬಂದು ನೆಲೆನಿಂತು, 1871ರಲ್ಲಿಯೂ ಮತ್ತೆ 1894ರಲ್ಲಿಯೂ ಮೈಸೂರು ಸೀಮೆಯ ತನ್ನ ಅನುಭವಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಇಂಥವರನ್ನು ಜನರು ದೊರೆಗಳೆಂದು ಕರೆದರು. ಅವರಲ್ಲಿ ಒಳ್ಳೆಯವರೂ ಇದ್ದರು, ಕ್ರೂರಿಗಳೂ ಇದ್ದರು. ಆದರೆ ಬಟವಾಡೆ ತಪ್ಪಿದ ದಿನ ಮೇಸ್ತ್ರಿಯು ಆಳುಗಳನ್ನು ಕರೆದುಕೊಂಡು ಬಂಗಲೆಯ ಮುಂದೆ ನಿಲ್ಲಬಹುದಾಗಿತ್ತು, ನಿಂತರೆ ಒಳಗಿನಿಂದ ಒಬ್ಬ ಮನುಷ್ಯನು ಹೊರಗೆ ಬರಲೇಬೇಕಾಗಿತ್ತು. ಮುಂದೆ ದಕ್ಷಿಣ ಭಾರತದ ಬೆಟ್ಟಸೀಮೆಗಳಿಗೆ ಸ್ಟರ್ಲಿಂಗ್ ಕಂಪನಿಗಳು ಕಾಲಿಟ್ಟವು. ಬ್ರಿಟನ್ನಿನಲ್ಲಿ ನೋಂದಾಯಿತವಾಗಿ, ಪೌಂಡಿನಲ್ಲಿ ಬಂಡವಾಳವೆತ್ತಿ, ಪೌಂಡಿನಲ್ಲಿಯೇ ಲಾಭ ಹಂಚುತ್ತಿದ್ದ ಈ ಕಂಪನಿಗಳ ತೋಟದಲ್ಲಿ ಬಂಗಲೆಯ ದೊರೆಯೂ ಸಂಬಳದವನೇ. ರೈಟರ್ ಅವನನ್ನು ಕೇಳಬೇಕು, ಅವನು ಏಜೆಂಟರ ಕಚೇರಿಯನ್ನು ಕೇಳಬೇಕು, ಆ ಕಚೇರಿ ಹಡಗಿನ ಟಪಾಲಿಗಾಗಿ ಕಾಯಬೇಕು.

ಕೋಲಾರದಲ್ಲಿ ಈ ಸಂಗತಿ ಇನ್ನೂ ಸ್ಫುಟವಾಗಿ ಕಾಣುತ್ತದೆ. 1880ರಲ್ಲಿ ಲಂಡನ್ನಿನಲ್ಲಿ ನೋಂದಾಯಿತವಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯು ತನ್ನ ಹೆಸರಿನಲ್ಲಿ ಮೈಸೂರನ್ನು ಹೊತ್ತಿದ್ದರೂ ಜನ್ಮತಃ ಇಂಗ್ಲೆಂಡಿನದು. ಜಾನ್ ಟೇಲರ್ ಅಂಡ್ ಸನ್ಸ್ ಅದರ ಕಾರ್ಯಭಾರವನ್ನು ನಡೆಸುತ್ತಿತ್ತು. ಸಂಸ್ಥಾನಕ್ಕೆ ರಾಜಧನ ಸಂದಿತು, ಲಾಭಾಂಶ ಕಡಲು ದಾಟಿತು. 1956ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ವಶಪಡಿಸಿಕೊಂಡಾಗ ಮುಕ್ಕಾಲು ಶತಮಾನದ ಆ ದೂರದ ಒಡೆತನ ಮುಗಿಯಿತು.

ಆ ಕಾಲದಲ್ಲಿ ಪರದೇಶವೆಂಬುದು ಕಡಲಾಚೆಗೇ ಆರಂಭವಾಗುತ್ತಿರಲಿಲ್ಲ. ದೋಣಿಗಲ್ಲಿನಿಂದ ಘಟ್ಟವಿಳಿದರೆ ಸಿಕ್ಕುತ್ತಿದ್ದ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತಕ್ಕೆ ಸೇರಿದ ಬ್ರಿಟಿಷ್ ಇಂಡಿಯಾ, ಮೇಲಿನದು ಮಹಾರಾಜರ ಮೈಸೂರು. 1924ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕರ್ಣಾಟಕ ಬ್ಯಾಂಕು 1913ರ ಇಂಡಿಯನ್ ಕಂಪನಿಗಳ ಕಾಯಿದೆಯ ಕೂಸು. 1913ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಸೂರು ಬ್ಯಾಂಕು ಸಂಸ್ಥಾನದ ಕಾನೂನಿನ ಕೂಸು. ಬ್ರಿಟಿಷ್ ಇಂಡಿಯಾದ ಹೊರಗೆ ನೋಂದಾಯಿತವಾದ ಯಾವುದೇ ಕಂಪನಿಯು ಒಳಗೆ ವ್ಯವಹಾರದ ಸ್ಥಳವನ್ನು ತೆರೆದರೆ ದಾಖಲೆಗಳನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕೆಂದು 1913ರ ಕಾಯಿದೆ ವಿಧಿಸಿದ್ದರಿಂದ, ಕನ್ನಡಿಗರ ದುಡ್ಡಿನಲ್ಲಿ ಕನ್ನಡಿಗರೇ ನಡೆಸುವ ಬೆಂಗಳೂರಿನ ಕಂಪನಿಯೊಂದು ಮಂಗಳೂರಿನಲ್ಲಿ ಬಾಗಿಲು ತೆರೆಯಬೇಕಾದರೂ ಲಂಡನ್ನಿನ ಕಂಪನಿಯ ಸಾಲಿನಲ್ಲಿಯೇ ನಿಲ್ಲಬೇಕಾಗಿತ್ತು. 1938ರಲ್ಲಿ ಮೈಸೂರಿನಲ್ಲಿಯೂ ಕಂಪನಿಗಳ ಹೊಸ ಕಾಯಿದೆ ಬಂತು. ಒಂದೇ ಮಾತನ್ನಾಡುವ ಜನರ ನಡುವೆ ಕೆಂಪುಹೊಳೆಯ ಕಣಿವೆಯು ಕಾನೂನಿನ ಗಡಿಯಾಗಿ ನಿಂತಿದ್ದ ಆ ದಿನಗಳನ್ನು ನೆನೆದರೆ, ಏಕೀಕರಣಕ್ಕಾಗಿ ದುಡಿದ ಹಿರಿಯರಲ್ಲಿ ವ್ಯಾಪಾರಸ್ಥರೂ ಏಕೆ ಇದ್ದರೆಂಬುದು ಅರ್ಥವಾಗುತ್ತದೆ.

ನೋಂದಾಯಿತವಾದ ಊರೇ ಕಂಪನಿಯ ಊರೆಂಬ ನಂಬಿಕೆಯನ್ನು ಅಲುಗಾಡಿಸಿದ್ದು ಮೊದಲನೆಯ ಮಹಾಯುದ್ಧ. ನಮ್ಮ ತೋಟಗಳ ಲೈನುಮನೆಗಳಿಗೂ ಬಂಗಲೆಗಳಿಗೂ ಹೊದಿಸಿರುವ ಮಂಗಳೂರು ಹೆಂಚಿನ ಚರಿತ್ರೆಯಲ್ಲಿಯೇ ಅದರ ನಿದರ್ಶನವಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1859ರಲ್ಲಿ ಬಾಸೆಲ್ ನಗರದಲ್ಲಿ ವ್ಯಾಪಾರಕ್ಕಾಗಿಯೇ ಒಂದು ಕಂಪನಿ ಸ್ಥಾಪಿತವಾಯಿತು. 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆ ಶುರುವಾಯಿತು. ಸ್ವಿಟ್ಜರ್ಲೆಂಡು ಯುದ್ಧದಲ್ಲಿ ತಟಸ್ಥ ದೇಶ. ಆದರೆ ಸಂಸ್ಥೆಯ ಸಿಬ್ಬಂದಿಯಲ್ಲಿ ಅನೇಕರು ಜರ್ಮನರು. ಅಷ್ಟರಿಂದಲೇ ಬ್ರಿಟಿಷ್ ಸರ್ಕಾರಕ್ಕೆ ಅದು ಶತ್ರುವಿನ ನೆರಳಾಗಿ ಕಂಡಿತು. ಕಾರ್ಖಾನೆಗಳು ವಶವಾದವು, ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಗೆ ವರ್ಗವಾದವು. ಕಾರ್ಖಾನೆ ಕದಲಲಿಲ್ಲ, ಜೇಡಿಮಣ್ಣು ಬದಲಾಗಲಿಲ್ಲ, ಗೂಡಿಗೆ ಸೌದೆ ಹಾಕುವವನೂ ಅವನೇ. ಒಡೆಯನ ದೇಶ ಮಾತ್ರ ಒಂದು ಆಜ್ಞೆಯಿಂದ ಬೇರೆಯಾಯಿತು.

ಇದೇ ಯುದ್ಧಕಾಲದಲ್ಲಿ, 1916ರಲ್ಲಿ, ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಡೈಮ್ಲರ್ ಕಂಪನಿಗೂ ಕಾಂಟಿನೆಂಟಲ್ ಟೈರ್ ಕಂಪನಿಗೂ ನಡುವಣ ವ್ಯಾಜ್ಯ ನಿರ್ಣಯವಾಯಿತು. ಟೈರ್ ಕಂಪನಿಯು ಇಂಗ್ಲೆಂಡಿನಲ್ಲಿ ನ್ಯಾಯವಾಗಿ ನೋಂದಾಯಿತವಾದದ್ದು. ಆದರೆ ಅದರ ಷೇರುಗಳಲ್ಲಿ ಒಂದೇ ಒಂದನ್ನು ಬಿಟ್ಟು ಮಿಕ್ಕವೆಲ್ಲ ಜರ್ಮನರ ಕೈಯಲ್ಲಿದ್ದವು, ನಿರ್ದೇಶಕರೆಲ್ಲ ಜರ್ಮನಿಯ ನಿವಾಸಿಗಳು. ಆ ಒಂಟಿ ಷೇರಿನ ಒಡೆಯನಾದ ಕಾರ್ಯದರ್ಶಿಯೊಬ್ಬನೇ ಬ್ರಿಟಿಷ್ ಪ್ರಜೆ. ಕಂಪನಿಯ ಜನ್ಮಸ್ಥಳ ಇಂಗ್ಲೆಂಡಾದರೂ ಅದನ್ನು ಆಡಿಸುವ ಕೈಗಳು ಶತ್ರುದೇಶದಲ್ಲಿದ್ದರೆ ಕಂಪನಿಗೂ ಶತ್ರುತ್ವ ಅಂಟಬಹುದೆಂದು ಲಾರ್ಡರು ನಿರೂಪಿಸಿದರು. ಅದಕ್ಕೂ ಹತ್ತು ವರ್ಷ ಹಿಂದೆಯೇ, ದಕ್ಷಿಣ ಆಫ್ರಿಕದಲ್ಲಿ ನೋಂದಾಯಿತವಾಗಿ ಅಲ್ಲಿಯೇ ವಜ್ರ ಅಗೆಯುತ್ತಿದ್ದ ಡಿ ಬೀರ್ಸ್ ಕಂಪನಿಯ ನಿಜವಾದ ಆಡಳಿತ ಲಂಡನ್ನಿನಲ್ಲಿ ನಡೆಯುತ್ತಿದ್ದುದರಿಂದ, ತೆರಿಗೆಯ ಮಟ್ಟಿಗೆ ಅದರ ಮನೆ ಲಂಡನ್ನೇ ಎಂದು ಅದೇ ಪೀಠ ತೀರ್ಪಿತ್ತಿತ್ತು. ಈ ಎರಡು ತೀರ್ಪುಗಳನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ; ವಿದೇಶದಲ್ಲಿ ಕಂಪನಿ ತೆರೆಯುವ ಇಂದಿನ ತರುಣರಿಗೂ ಅವು ನೇರವಾಗಿ ತಾಗುತ್ತವೆ. ಆ ಮಾತಿಗೆ ಮುಂದೆ ಬರುತ್ತೇನೆ.

ಈಗ ನಮ್ಮ ದೇಶದ ಕಾನೂನನ್ನು ನೋಡೋಣ. ವಿದೇಶದ ಕಂಪನಿಯು ಭಾರತದಲ್ಲಿ ವ್ಯವಹರಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ತಾನೇ ತಾನಾಗಿ ಬಂದು, ರಿಸರ್ವ್ ಬ್ಯಾಂಕಿನ ನಿಯಮಗಳಿಗೆ ಒಳಪಟ್ಟು, ಶಾಖೆಯನ್ನೋ ಸಂಪರ್ಕ ಕಚೇರಿಯನ್ನೋ ತೆರೆಯುವುದು ಒಂದು. ಇಲ್ಲಿಯೇ ಒಂದು ಮರಿ ಕಂಪನಿಯನ್ನು ಹುಟ್ಟಿಸಿ, ಅದರ ಷೇರುಗಳನ್ನು ತಾನು ಹಿಡಿದುಕೊಳ್ಳುವುದು ಇನ್ನೊಂದು. ಮೊದಲನೆಯ ದಾರಿಯಲ್ಲಿ ಬಂದವರು 2013ರ ಕಂಪನಿಗಳ ಕಾಯಿದೆಯಂತೆ ಮೂವತ್ತು ದಿನಗಳೊಳಗಾಗಿ ತಮ್ಮ ಮೂಲಸನ್ನದಿನ ದೃಢೀಕೃತ ಪ್ರತಿ, ಮೂಲದೇಶದಲ್ಲಿನ ಪ್ರಧಾನ ಕಚೇರಿಯ ವಿಳಾಸ, ನಿರ್ದೇಶಕರ ಪಟ್ಟಿ, ಭಾರತದಲ್ಲಿನ ಮುಖ್ಯ ಸ್ಥಳದ ವಿಳಾಸ, ಇವುಗಳೊಡನೆ ಕಂಪನಿಯ ಪರವಾಗಿ ಸಮನ್ಸು ನೋಟೀಸುಗಳನ್ನು ಸ್ವೀಕರಿಸಲು ಅಧಿಕಾರವುಳ್ಳ, ಭಾರತದಲ್ಲಿಯೇ ವಾಸವಾಗಿರುವ ಒಬ್ಬ ವ್ಯಕ್ತಿಯ ಹೆಸರು ವಿಳಾಸಗಳನ್ನು ರಿಜಿಸ್ಟ್ರಾರರಿಗೆ ಒಪ್ಪಿಸಬೇಕು. 1956ರ ಕಾಯಿದೆಯಲ್ಲಿಯೂ ಇದೇ ವಿಧಿಯಿತ್ತು. ಲಂಡನ್ನಿನ ಮಹಾಮಂಡಳಿಯನ್ನು ದೋಣಿಗಲ್ಲಿನ ಕೂಲಿಯಾಳು ಹುಡುಕಿಕೊಂಡು ಹೋಗಲಾರನು. ಈ ಒಬ್ಬ ಮನುಷ್ಯನ ಕೈಗೆ ಕಾಗದ ಮುಟ್ಟಿತೆಂದರೆ ಮಂಡಳಿಗೇ ಮುಟ್ಟಿತೆಂದು ಕಾನೂನು ತಿಳಿಯುತ್ತದೆ.

ಇದಕ್ಕಿಂತಲೂ ನನಗೆ ಹಿರಿದಾಗಿ ಕಾಣುವ ಎರಡು ವಿಧಿಗಳು 2013ರ ಕಾಯಿದೆಯಲ್ಲಿಯೇ ಇವೆ. ವಿದೇಶೀ ಕಂಪನಿಯು ತಾನು ವ್ಯವಹರಿಸುವ ಪ್ರತಿಯೊಂದು ಸ್ಥಳದ ಹೊರಗೂ ತನ್ನ ಹೆಸರನ್ನೂ ತಾನು ನೋಂದಾಯಿತವಾದ ದೇಶದ ಹೆಸರನ್ನೂ, ಇಂಗ್ಲಿಷ್ ಲಿಪಿಯಲ್ಲಿ ಮಾತ್ರವಲ್ಲದೆ ಆ ಪ್ರದೇಶದಲ್ಲಿ ಬಳಕೆಯಲ್ಲಿರುವ ಭಾಷೆಯೊಂದರ ಲಿಪಿಯಲ್ಲಿಯೂ, ಸುಲಭವಾಗಿ ಓದಲು ಬರುವ ಅಕ್ಷರಗಳಲ್ಲಿ ಬರೆಸಿ ತೂಗುಹಾಕಬೇಕು. ಈ ಸೀಮೆಯಲ್ಲಿ ಆ ಲಿಪಿ ಕನ್ನಡವಲ್ಲದೆ ಬೇರೆಯಾಗಲಾರದು. ಹಲಗೆಯ ಮೇಲೆ ಹೆಸರಿದ್ದರೆ ಸಾಲದು, ದೇಶವೂ ಇರಬೇಕು. ಪರವಾನಗಿ ಇಂಗ್ಲಿಷಿನಲ್ಲಿದ್ದರೂ ಹಾದುಹೋಗುವವನಿಗೆ ಅವನ ಅಕ್ಷರದಲ್ಲಿಯೇ ತಿಳಿಯಬೇಕು. ಕನ್ನಡದ ಬಳಕೆಗಾಗಿ ನಾವು ಎಷ್ಟೋ ಚಳುವಳಿಗಳನ್ನು ನಡೆಸಿದ್ದೇವೆ. ಪಾರ್ಲಿಮೆಂಟಿನ ಕಾಯಿದೆಯೇ ನಮ್ಮ ಕೈಗಿತ್ತಿರುವ ಈ ಹಕ್ಕನ್ನು ಕೇಳಿ ಪಡೆದವರು ವಿರಳ.

ಇನ್ನೊಂದು ವಿಧಿಯ ನ್ಯಾಯಸೂಕ್ಷ್ಮವನ್ನು ನೋಡಿ. ವಿದೇಶೀ ಕಂಪನಿಯು ಈ ದಾಖಲೆಗಳನ್ನು ಸಲ್ಲಿಸದೆಯೇ ವ್ಯಾಪಾರಕ್ಕೆ ಇಳಿದಿತೆನ್ನೋಣ. ಅದು ಮಾಡಿಕೊಂಡ ಒಪ್ಪಂದಗಳು ಅಸಿಂಧುವಾಗುವುದಿಲ್ಲ. ಅದರ ಮೇಲೆ ಯಾರು ಬೇಕಾದರೂ ದಾವೆ ಹೂಡಬಹುದು. ಆದರೆ ನಿಯಮವನ್ನು ಪಾಲಿಸುವ ಪರ್ಯಂತ ಆ ಕಂಪನಿ ತಾನಾಗಿ ದಾವೆ ಹೂಡುವಂತಿಲ್ಲ, ಪ್ರತಿದಾವೆಯನ್ನೂ ಸಲ್ಲಿಸುವಂತಿಲ್ಲ. ಪ್ರತಿವಾದಿಯ ಕಟಕಟೆ ಅದಕ್ಕೆ ಸದಾ ತೆರೆದಿದೆ, ವಾದಿಯ ಬಾಗಿಲು ಮುಚ್ಚಿದೆ. ಒಪ್ಪಂದವೇ ರದ್ದೆಂದು ಹೇಳಿದ್ದರೆ, ಕಾಫಿ ಮಾರಿ ಹಣ ಬರಬೇಕಾಗಿದ್ದ ನಮ್ಮ ಬೆಳೆಗಾರನೇ ಬೀದಿಪಾಲಾಗುತ್ತಿದ್ದನು. ಹಾಗಾಗಗೊಡದೆ, ವಿಳಾಸವನ್ನು ಕೊಡದವನ ತಪ್ಪು ವಿಳಾಸವಿಲ್ಲದೆ ಅಲೆದವನ ತಲೆಗೆ ಬಾರದಂತೆ ನೋಡಿಕೊಂಡವರ ಧರ್ಮಬುದ್ಧಿಯನ್ನು ನಾನು ಗೌರವಿಸುತ್ತೇನೆ.

ಎರಡನೆಯ ದಾರಿಯಾದ ಮರಿ ಕಂಪನಿಯಲ್ಲಿ ನೋಂದಣಿ ಇನ್ನೂ ಸುಗಮ. ಖಾಸಗಿ ಕಂಪನಿಗೆ ಇಬ್ಬರು ಸದಸ್ಯರು, ಇಬ್ಬರು ನಿರ್ದೇಶಕರು ಸಾಕು. ನಿರ್ದೇಶಕರಲ್ಲಿ ಒಬ್ಬರಾದರೂ ವರ್ಷದಲ್ಲಿ 182 ದಿನ ಭಾರತದಲ್ಲಿ ಇರತಕ್ಕವರಾಗಿರಬೇಕು. ಪರದೇಶದ ಕಾಗದಗಳಿಗೆ ಅಲ್ಲಿಯ ನೋಟರಿಯ ಮುದ್ರೆಯೂ, ಹೇಗ್ ಒಪ್ಪಂದಕ್ಕೆ ಸೇರಿದ ದೇಶವಾದರೆ ಅಪಾಸ್ಟೀಲ್ ಎಂಬ ದೃಢೀಕರಣವೂ ಬೇಕು. ಹುಟ್ಟಿದ ಮೇಲೆ ಅದು ಅಪ್ಪಟ ಭಾರತೀಯ ಕಂಪನಿ. ಬೆಂಗಳೂರಿನ ರಿಜಿಸ್ಟ್ರಾರರ ಕಡತದಲ್ಲಿ ನಮ್ಮ ನಿಮ್ಮ ಕಂಪನಿಗಳ ಜೊತೆಯಲ್ಲಿಯೇ ಅದರ ಹೆಸರೂ ಇರುತ್ತದೆ. ನನ್ನ ಆತಂಕವೂ ಇಲ್ಲಿಂದಲೇ ಶುರುವಾಗುತ್ತದೆ. ಶಾಖೆಯು ಮೂಲ ಕಂಪನಿಯ ಅಂಗವೇ ಆದುದರಿಂದ ಶಾಖೆಯ ಸಾಲ ಮೂಲದ್ದೇ ಸಾಲ. ಮರಿ ಕಂಪನಿಯಾದರೋ ಬೇರೆಯೇ ವ್ಯಕ್ತಿ, ಅದರ ಹೊಣೆ ಸಾಮಾನ್ಯವಾಗಿ ಅದರ ಹೊಸ್ತಿಲಲ್ಲಿಯೇ ನಿಲ್ಲುತ್ತದೆ. 1984ರಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿದಾಗ ಅಲ್ಲಿದ್ದದ್ದು ಯೂನಿಯನ್ ಕಾರ್ಬೈಡ್ ಇಂಡಿಯಾ ಎಂಬ ಭಾರತೀಯ ಕಂಪನಿ; ಅದರ ಅರ್ಧಕ್ಕಿಂತ ತುಸು ಹೆಚ್ಚಿನ, ಎಂದರೆ ಶೇಕಡಾ 50.9ರಷ್ಟು, ಷೇರುಗಳು ಅಮೆರಿಕದ ಮಾತೃಸಂಸ್ಥೆಯವು. ಸಂತ್ರಸ್ತರ ಪರವಾದ ದಾವೆಗಳು ಅಮೆರಿಕಕ್ಕೆ ಹೋದಾಗ, 1986ರಲ್ಲಿ ಅಲ್ಲಿಯ ನ್ಯಾಯಾಲಯವು ಇದರ ವಿಚಾರಣೆಗೆ ಭಾರತವೇ ತಕ್ಕ ಸ್ಥಳವೆಂದು ಹಿಂದಕ್ಕೆ ಕಳುಹಿಸಿತು. 1989ರಲ್ಲಿ 47 ಕೋಟಿ ಡಾಲರಿಗೆ ವ್ಯಾಜ್ಯ ರಾಜಿಯಾಯಿತು. ಬಾಗಿಲು ಇಲ್ಲಿದ್ದು ತಿಜೋರಿ ಬೇರೆ ಕಡೆಯಿದ್ದರೆ ಆ ಬಾಗಿಲನ್ನು ತಟ್ಟಿದವನಿಗೆ ಏನು ಸಿಕ್ಕೀತೆಂಬ ಪ್ರಶ್ನೆಗೆ ಕಂಪನಿ ಕಾನೂನು ಇಂದಿಗೂ ತೃಪ್ತಿಕರವಾದ ಉತ್ತರವನ್ನು ಕೊಟ್ಟಿಲ್ಲವೆಂದು ನೋವಿನಿಂದಲೇ ಹೇಳಬೇಕಾಗಿದೆ.

ಮತ್ತೆ ನಮ್ಮ ತೋಟಗಳ ಮಾತಿಗೆ ಬರೋಣ. ಸ್ಟರ್ಲಿಂಗ್ ಕಂಪನಿಗಳ ಯುಗ 1973ರ ವಿದೇಶೀ ವಿನಿಮಯ ನಿಯಂತ್ರಣ ಕಾಯಿದೆಯೊಂದಿಗೆ ಮುಗಿಯಿತೆನ್ನಬಹುದು. ವಿದೇಶೀ ಷೇರನ್ನು ಸಾಮಾನ್ಯವಾಗಿ ಶೇಕಡಾ 40ಕ್ಕೆ, ಚಹಾ ತೋಟಗಳಲ್ಲಿ 74ಕ್ಕೆ ಇಳಿಸಿ ಭಾರತೀಯ ಕಂಪನಿಗಳಾಗಿ ಪರಿವರ್ತನೆ ಹೊಂದಬೇಕೆಂದು ಆ ಕಾಲದಲ್ಲಿ ವಿಧಿಸಲಾಯಿತು. ಕಾಲಚಕ್ರ ತಿರುಗಿ 2015ರ ನವೆಂಬರಿನಲ್ಲಿ ಕಾಫಿ, ಏಲಕ್ಕಿ, ರಬ್ಬರು ತೋಟಗಳಲ್ಲಿಯೂ ನೂರಕ್ಕೆ ನೂರು ವಿದೇಶೀ ಬಂಡವಾಳಕ್ಕೆ ಅವಕಾಶವಾಯಿತು.

ಇನ್ನು ನಮ್ಮ ಮಕ್ಕಳ ಮಾತು. ಈ ಗುಡ್ಡದ ಬೆಳೆಗಾರರ ಮನೆಯ ಹೆಣ್ಣುಮಗಳೊಬ್ಬಳು ತನ್ನ ತೋಟದ ಅರೇಬಿಕಾವನ್ನು ಹುರಿದು ಲಂಡನ್ನಿನಲ್ಲಿ ಮಾರಬೇಕೆಂದು ಅಲ್ಲಿ ಕಂಪನಿಯೊಂದನ್ನು ತೆರೆಯುವಳೆಂದು ಇಟ್ಟುಕೊಳ್ಳೋಣ. ಷೇರುಗಳೆಲ್ಲ ಅವಳವೇ ಆಗಿರಬಹುದು, ಅವಳೊಬ್ಬಳೇ ನಿರ್ದೇಶಕಿಯೂ ಆಗಿರಬಹುದು, ಅವಳು ಸಕಲೇಶಪುರದಲ್ಲಿಯೇ ಇದ್ದುಕೊಂಡು ಅರ್ಜಿ ಹಾಕಬಹುದು. ಇಷ್ಟಕ್ಕೆ ಆ ದೇಶದ ಅಡ್ಡಿಯಿಲ್ಲ. ಆದರೆ ಇಂಗ್ಲೆಂಡಿನಲ್ಲಿ ನೋಂದಾಯಿತವಾದ ಕಂಪನಿಯ ಕಚೇರಿ ಇಂಗ್ಲೆಂಡು ಅಥವಾ ವೇಲ್ಸಿನಲ್ಲಿಯೇ ಇರಬೇಕು. 2024ರ ಮಾರ್ಚಿನಿಂದ ಬರಿಯ ಅಂಚೆಪೆಟ್ಟಿಗೆಯ ಸಂಖ್ಯೆಯನ್ನು ವಿಳಾಸವೆಂದು ಕೊಡುವಂತಿಲ್ಲ, ಅಲ್ಲಿಗೆ ತಲಪಿಸಿದ ಕಾಗದವು ಕಂಪನಿಯ ಪರವಾದ ಮನುಷ್ಯನ ಗಮನಕ್ಕೆ ಬರುವಂತಿರಬೇಕು. 2025ರ ನವೆಂಬರ್ 18ರಿಂದ ನಿರ್ದೇಶಕರು ತಮ್ಮ ಗುರುತನ್ನು ಪ್ರಮಾಣೀಕರಿಸಬೇಕು. ಒಡೆತನದ ನಿಜವಾದ ಹಿಡಿತ ಯಾರದೆಂಬುದು 2016ರಿಂದಲೇ ಸಾರ್ವಜನಿಕ ದಾಖಲೆಯಲ್ಲಿ ಬರೆದಿರಬೇಕು. ಒಂದು ಶತಮಾನದ ಹಿಂದೆ ನಮ್ಮ ಕೂಲಿಗಳು ಯಾವುದನ್ನು ಕೇಳಲು ಬಾಯಿಲ್ಲದೆ ನಿಂತಿದ್ದರೋ ಅದನ್ನೇ ಇಂದು ಆ ದೇಶವು ನಮ್ಮವರನ್ನು ಕೇಳುತ್ತಿದೆ. ಅದರಲ್ಲಿ ಅನ್ಯಾಯವೇನೂ ಇಲ್ಲ. ನಮ್ಮವರು ಸಂಕೋಚವಿಲ್ಲದೆ ಉತ್ತರ ಕೊಡತಕ್ಕದ್ದು.

ಮನೆಯ ಕಡೆಯ ಹೊಣೆಯನ್ನೂ ಆಕೆ ಮರೆಯಬಾರದು. ಹಣ ಕಳುಹಿಸುವುದಕ್ಕೆ ಮುಂಚೆ, 2022ರ ಸಾಗರೋತ್ತರ ಹೂಡಿಕೆ ನಿಯಮಗಳಂತೆ, ಅಧಿಕೃತ ಬ್ಯಾಂಕಿನ ಮೂಲಕ ನಮೂನೆ ತುಂಬಿ ತನ್ನ ಹೂಡಿಕೆಗೆ ಒಂದು ಗುರುತಿನ ಸಂಖ್ಯೆಯನ್ನು ಪಡೆಯಬೇಕು; ವ್ಯಕ್ತಿಗಳಿಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನ ಮಿತಿಯಿದೆ; ವಾರ್ಷಿಕ ವರದಿಯನ್ನು ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ಡಿ ಬೀರ್ಸ್ ತೀರ್ಪಿನ ತತ್ತ್ವವೂ ಇಲ್ಲಿ ಬೆನ್ನುಹತ್ತಿ ಬರುತ್ತದೆ. ಕಂಪನಿ ಹುಟ್ಟಿದ್ದು ಲಂಡನ್ನಿನಲ್ಲಾದರೂ ಅದರ ಮುಖ್ಯ ನಿರ್ಧಾರಗಳೆಲ್ಲ ಸಕಲೇಶಪುರದ ಮನೆಯ ಜಗಲಿಯಲ್ಲಿಯೇ ಆಗುತ್ತಿದ್ದರೆ, ಪರಿಣಾಮಕಾರಿ ಆಡಳಿತದ ಸ್ಥಳವನ್ನು ನೋಡತಕ್ಕದ್ದೆಂಬ 2015ರ ತಿದ್ದುಪಡಿಯಂತೆ ಆ ಕಂಪನಿ ತೆರಿಗೆಯ ಮಟ್ಟಿಗೆ ಭಾರತದ ನಿವಾಸಿಯೆನಿಸಬಹುದು. ವಾರ್ಷಿಕ ವಹಿವಾಟು 50 ಕೋಟಿ ರೂಪಾಯಿಗಳನ್ನು ಮೀರದ ಚಿಕ್ಕ ಕಂಪನಿಗಳಿಗೆ ಈ ನಿಯಮವನ್ನು ಅನ್ವಯಿಸುವುದಿಲ್ಲವೆಂದು 2017ರ ಸುತ್ತೋಲೆ ತಿಳಿಸಿದೆಯಾದರೂ, ಬೆಳೆಯುವ ಆಸೆಯಿಂದಲೇ ಹೊರಟವರು ಅದನ್ನು ಮೊದಲೇ ತಿಳಿದಿರುವುದು ಕ್ಷೇಮ. ದಲ್ಲಾಳಿಗಳು ವಿದೇಶದ ನೋಂದಣಿಯನ್ನು ಒಂದು ಮಧ್ಯಾಹ್ನದ ಕೆಲಸವೆಂದು ಮಾರುತ್ತಾರೆ. ಅರ್ಜಿ ಹಾಕುವುದು ಹೌದು, ಒಂದು ಮಧ್ಯಾಹ್ನದ ಕೆಲಸವೇ. ಎರಡು ದೇಶಗಳಲ್ಲಿ ವರ್ಷ ವರ್ಷವೂ ಲೆಕ್ಕ ಒಪ್ಪಿಸಬೇಕಾದ ಹೊಣೆ ಆ ದಲ್ಲಾಳಿಯದಲ್ಲ.

ಕೊನೆಯದಾಗಿ, ಈ ಸಭೆಯಲ್ಲಿರುವ ಬೆಳೆಗಾರರ ಸಂಘದವರಲ್ಲಿಯೂ ಕಾರ್ಮಿಕ ಮುಖಂಡರಲ್ಲಿಯೂ ನನ್ನದೊಂದು ವಿಜ್ಞಾಪನೆಯಿದೆ. ತೋಟಕ್ಕೆ ಹೊರಗಿನ ಬಂಡವಾಳ ಬರುವುದನ್ನು ನಾನು ವಿರೋಧಿಸುವವನಲ್ಲ; ಬೆಲೆ ಕುಸಿದ ವರ್ಷಗಳಲ್ಲಿ ಸಾಲಗಾರರಾಗಿ ತೋಟವನ್ನೇ ಮಾರಿದ ಮನೆಗಳನ್ನು ನಾವೆಲ್ಲರೂ ಬಲ್ಲೆವು. ಆದರೆ ನಾಮಫಲಕದಲ್ಲಿ ಮೂಲ ಕಂಪನಿಯ ದೇಶವನ್ನೂ ಬರೆಸಬೇಕೆಂಬ, ಶಾಖೆಯಾಗಿ ಬಂದವರಿಗಿರುವ ವಿಧಿಯು ಮರಿ ಕಂಪನಿಯಾಗಿ ಬಂದವರಿಗಿಲ್ಲ. ವಿದೇಶೀ ಒಡೆತನದ ತೋಟವು ಯಾವ ದಾರಿಯಲ್ಲಿ ಬಂದದ್ದಾದರೂ, ಮೂಲ ಒಡೆಯನ ಹೆಸರನ್ನೂ, ಅವನ ದೇಶವನ್ನೂ, ನೋಟೀಸನ್ನು ಸ್ವೀಕರಿಸತಕ್ಕ ವ್ಯಕ್ತಿಯ ಹೆಸರು ವಿಳಾಸಗಳನ್ನೂ ಕನ್ನಡದಲ್ಲಿ ಬರೆಸಿ ತೋಟದ ಗೇಟಿನಲ್ಲಿಯೂ, ಬಟವಾಡೆ ನಡೆಯುವ ಕಚೇರಿಯ ಬಾಗಿಲಲ್ಲಿಯೂ ಹಾಕಿಸಬೇಕೆಂಬ ನಿಯಮಕ್ಕಾಗಿ ನೀವು ರಾಜ್ಯ ಸರ್ಕಾರವನ್ನೂ ಕೇಂದ್ರದ ಕಂಪನಿ ವ್ಯವಹಾರಗಳ ಮಂತ್ರಾಲಯವನ್ನೂ ಒತ್ತಾಯಿಸಬೇಕು. ಅದೇ ಮಾಹಿತಿಯ ಒಂದು ಪ್ರತಿ ಸಕಲೇಶಪುರ, ಆಲೂರು ತಾಲ್ಲೂಕು ಕಚೇರಿಗಳಲ್ಲಿ ಕೇಳಿದವರ ಕೈಗೆ ಸಿಕ್ಕುವಂತಿರಬೇಕು. ಅರ್ಜಿಯ ಕರಡನ್ನು ಸಿದ್ಧಪಡಿಸುವ ಕೆಲಸದಲ್ಲಿ ನನ್ನಿಂದಾದ ಸಹಾಯವನ್ನು ಮಾಡಲು ನಾನು ಸಿದ್ಧನಿದ್ದೇನೆ.